ಕೊಂಡ ಬೆಲೆಯೂ ತೆರುವ ಬೆಲೆಯೂ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಈ ಎರಡು ಕಾರ್ಯಗಳಲ್ಲಿ ಮೊದಲು ಹಾಕಿದ ಲೆಕ್ಕ ಒಂದು, ಕೊನೆಗೆ ಆಗುವ ವೆಚ್ಚ ಇನ್ನೊಂದು ಎಂಬ ಅನುಭವವೇ ಈ ಗಾದೆಯನ್ನು ಹುಟ್ಟಿಸಿತು. ನಮ್ಮ ಹಿರಿಯರು ಇಂದು ಬದುಕಿದ್ದರೆ "ವಾಹನ ಕೊಂಡು ನೋಡು" ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೆಂದು ನನಗೆ ತೋರುತ್ತದೆ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ ರಾಯಚೂರು ಸೀಮೆಯಲ್ಲಿ ನಾನು ಬಾಲಕನಾಗಿದ್ದಾಗ ಗಾಡಿ ಎಂದರೆ ಎತ್ತಿನ ಗಾಡಿ ಎಂದೇ ಅರ್ಥ. ಇಂದು ಅದೇ ಮಾತಿಗೆ ಮೋಟಾರ್ ಸೈಕಲ್ ಎಂಬ ಅರ್ಥ ಬಂದಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಯ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾಡಿತು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗದ ಒಣಭೂಮಿಗೆ ಹರಿಯಿತು. ನೀರಿನ ಹಿಂದೆ ಹಣ ಬಂದಿತು. ಹಣದ ಹಿಂದೆ ವಾಹನ ಬಂದಿತು. ಸುಗ್ಗಿ ಮುಗಿದ ಮೇಲೆ ರಾಯಚೂರಿನ ಗಂಜ್ ವೃತ್ತದಲ್ಲಿಯೋ ತೀನ್ ಕಂದೀಲಿನ ಬಳಿಯಲ್ಲಿಯೋ ಅರ್ಧ ಗಂಟೆ ನಿಂತರೆ ಸಾಕು, ಹೂವಿನ ಹಾರ ಹಾಕಿದ ಹೊಸ ವಾಹನವೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದರ ಮೇಲೆ ಕುಳಿತವನು ಬಹುಮಟ್ಟಿಗೆ ತರುಣನೇ ಆಗಿರುತ್ತಾನೆ.

ತರುಣರು ವಾಹನವನ್ನು ಬಯಸುವುದು ತಪ್ಪಲ್ಲ. ದೂರದ ಕಾಲೇಜಿಗೆ ಹೋಗಲು, ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಲು, ಹಾಲನ್ನು ಡೈರಿಗೆ ಸಾಗಿಸಲು ಅದು ನೆರವಾಗುತ್ತದೆ. ಆದರೆ ಅಂಗಡಿಯಲ್ಲಿ ಹೇಳುವ ಬೆಲೆ ವಾಹನದ ನಿಜವಾದ ಬೆಲೆಯಲ್ಲ. ಅದು ಕೇವಲ ಕೊಂಡ ಬೆಲೆ. ಕೊಂಡ ಮೇಲೆ ತೆರಬೇಕಾದ ಬೆಲೆಗಳು ಬೇರೆ ಇವೆ. ಅವುಗಳನ್ನು ಒಂದೊಂದಾಗಿ ವಿಚಾರ ಮಾಡೋಣ.

ಆರು ಲಕ್ಷ ರೂಪಾಯಿ ಬೆಲೆಯ ಒಂದು ಸಣ್ಣ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಾರು ರಸ್ತೆಗೆ ಇಳಿಯುವ ಮೊದಲೇ ಸರ್ಕಾರಕ್ಕೆ ಜೀವಾವಧಿ ತೆರಿಗೆಯನ್ನು ಸಲ್ಲಿಸಬೇಕು. ಕರ್ನಾಟಕದಲ್ಲಿ ಐದು ಲಕ್ಷದಿಂದ ಹತ್ತು ಲಕ್ಷ ರೂಪಾಯಿಯವರೆಗಿನ ಕಾರಿಗೆ ಇದರ ದರ ಶೇಕಡಾ 14. ಎಂದರೆ ನಮ್ಮ ಕಾರಿಗೆ 84,000 ರೂಪಾಯಿ. ಇದರ ಮೇಲೆ ಉಪಕರ ಬೇರೆ. ಆ ಬಳಿಕವೇ ರಾಯಚೂರಿನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಾಹನ ನೋಂದಣಿಯಾಗಿ, ಕೆಎ 36 ಎಂದು ಮೊದಲಾಗುವ ಸಂಖ್ಯೆ ಅದಕ್ಕೆ ದೊರೆಯುತ್ತದೆ.

ಎರಡನೆಯದು ಸಾಲದ ಬಡ್ಡಿ. ಪೂರ್ತಿ ಹಣ ಕೊಟ್ಟು ಕಾರು ಕೊಳ್ಳುವವರು ಕಡಿಮೆ. ಐದು ಲಕ್ಷ ರೂಪಾಯಿಯನ್ನು ಶೇಕಡಾ 10ರ ಬಡ್ಡಿಗೆ ತಂದು ಐದು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,600 ರೂಪಾಯಿ ಆಗುತ್ತದೆ. ಅರವತ್ತು ಕಂತುಗಳಲ್ಲಿ ನಾವು ಕಟ್ಟುವ ಮೊತ್ತ ಸುಮಾರು 6,37,000. ಇದರಲ್ಲಿ 1,37,000 ರೂಪಾಯಿ ಬರಿಯ ಬಡ್ಡಿ.

ಮೂರನೆಯದು ಇಂಧನ. ಎತ್ತು ಹೊಲದ ಮೇವನ್ನು ತಿಂದು ಹೊಲಕ್ಕೆ ಗೊಬ್ಬರವನ್ನು ಕೊಡುತ್ತಿತ್ತು. ಮೋಟಾರು ವಾಹನದ ಮೇವು ಹೊಲದಲ್ಲಿ ಬೆಳೆಯುವುದಿಲ್ಲ. ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಓಡುವ ಕಾರು ದಿನಕ್ಕೆ ನಲವತ್ತು ಕಿಲೋಮೀಟರ್ ಓಡಿದರೆ ಎರಡು ಲೀಟರ್ ಪೆಟ್ರೋಲು ಬೇಕು. ಲೆಕ್ಕ ಸುಲಭವಾಗಲೆಂದು ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ದಿನಕ್ಕೆ 200, ಇಪ್ಪತ್ತೈದು ದಿನ ಓಡಿದರೆ ತಿಂಗಳಿಗೆ 5,000 ರೂಪಾಯಿ ಆಯಿತು.

ನಾಲ್ಕನೆಯ ಬೆಲೆ ಯಾರ ಕಣ್ಣಿಗೂ ಕಾಣುವುದಿಲ್ಲ. ಅದನ್ನು ಸವಕಳಿ ಎನ್ನುತ್ತಾರೆ. ಹೊಲ ವರ್ಷ ಕಳೆದಂತೆ ಬೆಲೆ ಏರಿಸಿಕೊಳ್ಳುತ್ತದೆ. ವಾಹನ ವರ್ಷ ಕಳೆದಂತೆ ಬೆಲೆ ಇಳಿಸಿಕೊಳ್ಳುತ್ತದೆ. ವಿಮಾ ಕಂಪನಿಗಳು ಅನುಸರಿಸುತ್ತ ಬಂದಿರುವ ಪಟ್ಟಿಯ ಪ್ರಕಾರ ಆರು ತಿಂಗಳು ದಾಟಿದ ವಾಹನದ ಬೆಲೆಯಲ್ಲಿ ಶೇಕಡಾ 15, ಎರಡು ವರ್ಷ ದಾಟಿದ ವಾಹನದ ಬೆಲೆಯಲ್ಲಿ ಶೇಕಡಾ 30 ಕಳೆದುಹೋಗುತ್ತದೆ. ಐದನೆಯ ವರ್ಷದಲ್ಲಿ ಉಳಿಯುವುದು ಅರ್ಧ ಮಾತ್ರ. ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಅರಿವೆ ಹೊದಿಸಿದರೂ ಈ ಇಳಿತ ನಿಲ್ಲುವುದಿಲ್ಲ. ನಮ್ಮ ಆರು ಲಕ್ಷದ ಕಾರು ಐದು ವರ್ಷಗಳಲ್ಲಿ ಮೂರು ಲಕ್ಷವನ್ನು ಹೀಗೆ ಸದ್ದಿಲ್ಲದೆ ಕಳೆದುಕೊಳ್ಳುತ್ತದೆ.

ಈಗ ಇವೆಲ್ಲವನ್ನೂ ಕೂಡಿಸಿರಿ. ಸಾಲದ ಅಸಲನ್ನು ಮತ್ತೆ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಅದು ಕಾರಿನ ರೂಪದಲ್ಲಿಯೇ ಇದೆ. ಸವಕಳಿ ಮೂರು ಲಕ್ಷ, ಐದು ವರ್ಷಗಳ ಪೆಟ್ರೋಲು ಮೂರು ಲಕ್ಷ, ಬಡ್ಡಿ 1,37,000, ತೆರಿಗೆ 84,000. ಒಟ್ಟು 8,21,000 ರೂಪಾಯಿ. ಇದನ್ನು ಅರವತ್ತು ತಿಂಗಳುಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 13,700 ರೂಪಾಯಿ ಬೀಳುತ್ತದೆ. ಟೈರು, ಬ್ಯಾಟರಿ, ದುರಸ್ತಿ, ವಿಮೆ ಇವು ಯಾವುವೂ ಇದರಲ್ಲಿ ಸೇರಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ತರುಣನೊಬ್ಬನು ತನ್ನ ಸಂಬಳದ ಪಕ್ಕದಲ್ಲಿ ಈ ಅಂಕೆಯನ್ನು ಬರೆದು ನೋಡಬೇಕು. ಆಗ ಮೋಟಾರ್ ಸೈಕಲ್ಲು ಸಾಕೇ, ಬಸ್ಸು ಸಾಕೇ, ಇನ್ನು ಎರಡು ವರ್ಷ ತಡೆಯಬಹುದೇ ಎಂಬ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ದೊರೆಯುತ್ತದೆ.

ಇದುವರೆಗೆ ಹೇಳಿದ್ದು ನಮಗಾಗಿ ನಾವು ತೆರುವ ಬೆಲೆ. ವಾಹನದಿಂದ ಇತರರಿಗೆ ಕೇಡಾದಾಗ ನಾವು ತೆರಬೇಕಾದ ಬೆಲೆಯೊಂದಿದೆ. ಅದರ ಮುಂದೆ ಮೇಲಿನ ಲೆಕ್ಕಗಳೆಲ್ಲ ಚಿಕ್ಕವು. ಅದನ್ನು ಹೊರುವುದಕ್ಕಾಗಿಯೇ ವಿಮೆ ಎಂಬ ಏರ್ಪಾಡು ಹುಟ್ಟಿತು.

ವಿಮೆಯ ತತ್ತ್ವ ನಮ್ಮ ಹಳ್ಳಿಗರಿಗೆ ಹೊಸದಲ್ಲ. ಒಬ್ಬರ ಹೊಲದ ಕೆಲಸಕ್ಕೆ ಹತ್ತು ಮನೆಯವರು ಮುಯ್ಯಾಳಾಗಿ ಹೋಗುತ್ತಿದ್ದರು. ಒಬ್ಬರ ಬಣವೆಗೆ ಬೆಂಕಿ ಬಿದ್ದರೆ ಊರವರು ತಲೆಗೊಂದು ಹೊರೆ ಮೇವು ಕೊಡುತ್ತಿದ್ದರು. ಒಬ್ಬನೇ ಹೊರಲಾರದ ಭಾರವನ್ನು ಹಲವರು ಹಂಚಿಕೊಂಡರೆ ಅದು ಹಗುರಾಗುತ್ತದೆ. ವಾಹನವಿರುವ ಲಕ್ಷಾಂತರ ಜನರು ಸ್ವಲ್ಪಸ್ವಲ್ಪ ಹಣವನ್ನು ಒಂದೆಡೆ ಕೂಡಿಸುತ್ತಾರೆ. ಅವರಲ್ಲಿ ಯಾರದೋ ವಾಹನದಿಂದ ಅಪಘಾತವಾದಾಗ ಆ ನಿಧಿಯಿಂದ ಪರಿಹಾರ ಸಲ್ಲುತ್ತದೆ. ವಿಮೆ ಎಂದರೆ ಇಷ್ಟೇ.

ವಾಹನ ವಿಮೆಯಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಒಂದು, ನಮ್ಮ ವಾಹನಕ್ಕೇ ಆಗುವ ಹಾನಿಗೆ ಮಾಡಿಸುವ ವಿಮೆ. ಇದು ಮಾಲೀಕನ ಇಚ್ಛೆಗೆ ಬಿಟ್ಟದ್ದು. ಎರಡನೆಯದು ಮೂರನೆಯ ವ್ಯಕ್ತಿಯ ವಿಮೆ. ವಿಮೆ ಮಾಡಿಸಿದವನು ಒಬ್ಬ, ವಿಮಾ ಕಂಪನಿ ಇನ್ನೊಬ್ಬ. ಇವರಿಬ್ಬರ ಒಪ್ಪಂದಕ್ಕೆ ಹೊರಗಿದ್ದು ಪೆಟ್ಟು ತಿಂದ ದಾರಿಹೋಕನೇ ಮೂರನೆಯವನು. ಈ ವಿಮೆಯಿಲ್ಲದೆ ವಾಹನವನ್ನು ರಸ್ತೆಗೆ ತರುವಂತಿಲ್ಲ. ಬ್ರಿಟನ್ನಿನಲ್ಲಿ ಇದು 1930ರ ಕಾನೂನಿನಿಂದ ಕಡ್ಡಾಯವಾಯಿತು. ಬ್ರಿಟಿಷ್ ಭಾರತದಲ್ಲಿ 1939ರ ಮೋಟಾರು ವಾಹನ ಕಾಯ್ದೆ ಇದನ್ನು ವಿಧಿಸಿತು. ಆ ಕಾಯ್ದೆಯ ವಿಮೆಯ ಅಧ್ಯಾಯ 1946ರಲ್ಲಿ ಜಾರಿಗೆ ಬಂದಿತು. ಆಗ ನಮ್ಮ ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಈಗ ನಡೆಯುತ್ತಿರುವುದು 1988ರ ಕಾಯ್ದೆ. 2019ರ ತಿದ್ದುಪಡಿಯ ಅನಂತರ ವಿಮೆಯಿಲ್ಲದೆ ವಾಹನ ಓಡಿಸಿದವನಿಗೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ. ಮೂರು ತಿಂಗಳವರೆಗೆ ಸೆರೆವಾಸವನ್ನೂ ವಿಧಿಸಬಹುದು.

ಮೂರನೆಯ ವ್ಯಕ್ತಿಯ ವಿಮೆಯ ಕಂತನ್ನು ಕಂಪನಿಗಳು ಮನಬಂದಂತೆ ಏರಿಸುವಂತಿಲ್ಲ. ಸರ್ಕಾರವೇ ಅದನ್ನು ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಸಾವಿರ ಸಿ.ಸಿ.ಯವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, ಸಾವಿರದಿಂದ ಸಾವಿರದ ಐನೂರು ಸಿ.ಸಿ.ಯವರೆಗೆ 3,416, ಅದಕ್ಕೂ ದೊಡ್ಡ ಕಾರಿಗೆ 7,897 ಎಂದು ನಿಗದಿಯಾಯಿತು. 75ರಿಂದ 150 ಸಿ.ಸಿ.ಯವರೆಗಿನ ಮೋಟಾರ್ ಸೈಕಲ್ಲಿಗೆ 714 ರೂಪಾಯಿ. ಇವುಗಳ ಮೇಲೆ ಸರಕು ಮತ್ತು ಸೇವಾ ತೆರಿಗೆ ಬೇರೆ. ಜನರು ಮೊದಲ ವರ್ಷ ವಿಮೆ ಮಾಡಿಸಿ ಎರಡನೆಯ ವರ್ಷ ಮರೆಯುತ್ತಿದ್ದುದರಿಂದ, 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷಗಳ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಕಂತನ್ನು ಒಟ್ಟಿಗೆ ಕಟ್ಟಬೇಕೆಂಬ ನಿಯಮ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಬಂದಿತು.

ಸ್ವಂತ ಹಾನಿಯ ವಿಮೆಯ ರೀತಿ ಬೇರೆ. ಅಲ್ಲಿ ವಾಹನದ ಬೆಲೆ, ಅದರ ವಯಸ್ಸು, ಅದು ನೋಂದಣಿಯಾದ ಊರು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಒಂದು ವರ್ಷ ಪರಿಹಾರವನ್ನು ಕೇಳದಿದ್ದರೆ ಮುಂದಿನ ವರ್ಷದ ಕಂತಿನಲ್ಲಿ ಶೇಕಡಾ 20 ರಿಯಾಯಿತಿ ಉಂಟು. ಹೀಗೆ ಐದು ವರ್ಷ ನಡೆದರೆ ರಿಯಾಯಿತಿ ಶೇಕಡಾ 50ಕ್ಕೆ ಏರುತ್ತದೆ. ಈ ರಿಯಾಯಿತಿ ವಾಹನದ್ದಲ್ಲ, ಮಾಲೀಕನದು. ಹಳೆಯ ಕಾರನ್ನು ಮಾರಿ ಹೊಸದನ್ನು ಕೊಂಡಾಗಲೂ ಅದನ್ನು ಜೊತೆಗೆ ಒಯ್ಯಬಹುದು. ಎಚ್ಚರಿಕೆಯ ನಡತೆಗೆ ಲೋಕದಲ್ಲಿ ಹಣದ ರೂಪದ ಬಹುಮಾನ ದೊರೆಯುವುದು ಅಪರೂಪ. ಇದು ಅಂತಹ ಅಪರೂಪಗಳಲ್ಲಿ ಒಂದು.

ಇಲ್ಲಿ ಒಂದು ವಿಚಾರವನ್ನು ನೀವು ಗಮನಿಸಬೇಕು. ಬ್ರಿಟನ್ನಿನಲ್ಲಿ ಹದಿನೇಳು ವರ್ಷಕ್ಕೆ ಕಾರು ನಡೆಸಲು ಅನುಮತಿ ಉಂಟು. ಆದರೆ ಅಲ್ಲಿನ ವಿಮಾ ಕಂಪನಿಗಳು ಮೊದಲು ಕೇಳುವ ಪ್ರಶ್ನೆಗಳಲ್ಲಿ ಚಾಲಕನ ವಯಸ್ಸೂ ಒಂದು. ಹೊಸ ಚಾಲಕರು, ಅದರಲ್ಲಿಯೂ ತರುಣರು, ಹೆಚ್ಚಾಗಿ ಅಪಘಾತಗಳಿಗೆ ಸಿಲುಕುತ್ತಾರೆಂದು ಅನುಭವದಿಂದ ತಿಳಿದಿರುವುದರಿಂದ ಅವರಿಂದ ಭಾರಿ ಕಂತನ್ನು ವಸೂಲು ಮಾಡುತ್ತಾರೆ. ಹಲವು ವೇಳೆ ಆ ಹುಡುಗರು ಕೊಂಡ ಹಳೆಯ ಕಾರಿನ ಬೆಲೆಗಿಂತ ವಿಮೆಯ ಕಂತೇ ಹೆಚ್ಚಾಗಿರುತ್ತದೆ. ನಮ್ಮ ದೇಶದ ದರಪಟ್ಟಿಯಾದರೋ ಯಂತ್ರದ ಶಕ್ತಿಯನ್ನು ಕೇಳುತ್ತದೆ, ನಡೆಸುವವನ ವಯಸ್ಸನ್ನು ಕೇಳುವುದಿಲ್ಲ. ಅರವತ್ತು ವರ್ಷದ ನನ್ನಂಥವನಿಗೂ ಹದಿನೆಂಟು ತುಂಬಿದ ತರುಣನಿಗೂ ಒಂದೇ 714 ರೂಪಾಯಿ.

ಇದನ್ನು ಕೇಳಿ ನಮ್ಮ ತರುಣರು ಪುಣ್ಯವಂತರೆಂದು ನೀವು ತಿಳಿಯಬಹುದು. ಸ್ವಲ್ಪಮಟ್ಟಿಗೆ ಅದು ನಿಜ. ಆದರೆ ವಿಮೆಯ ಚೀಟಿ ಕೇಳದ ವಯಸ್ಸನ್ನು ಕಾನೂನು ಕೇಳುತ್ತದೆ. ಅಪಘಾತವಾದ ದಿನ ಮೊದಲು ಬರುವ ಪ್ರಶ್ನೆ, "ನಡೆಸುತ್ತಿದ್ದವನಿಗೆ ಲೈಸೆನ್ಸ್ ಇತ್ತೇ?" ಎಂಬುದು. ಉತ್ತರ "ಇಲ್ಲ" ಎಂದಾದರೆ ಆ 714 ರೂಪಾಯಿಯ ಆಸರೆ ಮಾಲೀಕನ ಕೈ ಬಿಟ್ಟುಹೋಗುತ್ತದೆ. ಇದರ ಅರ್ಥವೇನೆಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮಾನ್ವಿಯ ಹತ್ತಿರದ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಕಾಲುವೆಯ ಕೆಳಗೆ ನಾಲ್ಕು ಎಕರೆ ಗದ್ದೆ. ಕೆಲವು ವರ್ಷಗಳ ಹಿಂದೆ ಹೊಸ ಮೋಟಾರ್ ಸೈಕಲ್ ಕೊಂಡು, ಪೇಡೆಯ ಪೊಟ್ಟಣದೊಡನೆ ನನ್ನ ಮನೆಗೆ ಬಂದ. ವಾಹನವನ್ನು ನಡೆಸಿಕೊಂಡು ಬಂದವನು ಅವನ ಮಗ. ಹದಿನಾರು ವರ್ಷದ ಹುಡುಗ.

"ನೋಡ್ರಿ ಸರ, ಹುಡುಗ ಈಗಲೇ ಗಾಡಿ ಎಷ್ಟು ಚಲೋ ಹೊಡೀತಾನ! ಹೊಲಕ್ಕ ಬುತ್ತಿ ಒಯ್ಯಾಕ, ಡೈರಿಗೆ ಹಾಲು ಹಾಕಾಕ ನನಗ ಇವನೇ ಆಸರ ಆಗ್ಯಾನ್ರಿ" ಎಂದು ತಂದೆ ಹಿಗ್ಗಿನಿಂದ ನುಡಿದ.

ನಾನು ಪೇಡೆ ತಿಂದೆ. ಹುಡುಗನ ಬೆನ್ನು ತಟ್ಟಿದೆ. "ಇನ್ನೂ ಎರಡು ವರ್ಷ ತಡೆಯಪ್ಪ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಸಂತೋಷದ ಗಳಿಗೆಯಲ್ಲಿ ಕಹಿ ಮಾತು ಬೇಡವೆಂದು ನುಂಗಿಕೊಂಡೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಬುದ್ಧಿ ಹೇಳಿದವನು ಅಂದು ಸುಮ್ಮನಿದ್ದೆ.

ಅದೇ ವರ್ಷ ಭತ್ತದ ನಾಟಿಯ ಕಾಲದಲ್ಲಿ, ಸಂಜೆ ಮಬ್ಬಿನಲ್ಲಿ, ಕಾಲುವೆಯ ಪಕ್ಕದ ದಾರಿಯಲ್ಲಿ ಆ ಹುಡುಗನ ವಾಹನ ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದ ಕೂಲಿಕಾರನೊಬ್ಬನಿಗೆ ಬಡಿಯಿತು. ಮೂವತ್ತೆರಡು ವರ್ಷದ ಆ ಮನುಷ್ಯ ಆಸ್ಪತ್ರೆಯ ದಾರಿಯಲ್ಲಿಯೇ ತೀರಿಕೊಂಡ. ಅವನಿಗೆ ಮುದಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು.

ಮನುಷ್ಯನ ಜೀವಕ್ಕೆ ಬೆಲೆ ಕಟ್ಟಲು ಯಾರಿಂದಲೂ ಆಗದು. ಆದರೆ ಅವನ ದುಡಿಮೆಯನ್ನು ನಂಬಿದ್ದವರ ಹೊಟ್ಟೆಗೆ ದಾರಿಯಾಗಬೇಕಲ್ಲ! ಅದಕ್ಕಾಗಿ ಅಪಘಾತ ಪರಿಹಾರ ನ್ಯಾಯಮಂಡಳಿಗಳು ಸರ್ವೋಚ್ಚ ನ್ಯಾಯಾಲಯ 2009ರಲ್ಲಿಯೂ 2017ರಲ್ಲಿಯೂ ನೀಡಿದ ತೀರ್ಪುಗಳಂತೆ ಒಂದು ಲೆಕ್ಕವನ್ನು ಮಾಡುತ್ತವೆ. ಆ ಕೂಲಿಕಾರನ ತಿಂಗಳ ದುಡಿಮೆ 12,000 ರೂಪಾಯಿ ಎಂದು ಹಿಡಿಯಲಾಯಿತು. ವರ್ಷಕ್ಕೆ 1,44,000. ಬದುಕಿದ್ದರೆ ಮುಂದೆ ಅವನ ಗಳಿಕೆ ಹೆಚ್ಚುತ್ತಿತ್ತೆಂದು ಶೇಕಡಾ 40ನ್ನು ಕೂಡಿಸಿದರು, 2,01,600 ಆಯಿತು. ತನ್ನ ಸ್ವಂತಕ್ಕೆ ಖರ್ಚುಮಾಡಿಕೊಳ್ಳುತ್ತಿದ್ದ ಪಾಲೆಂದು ಕಾಲುಭಾಗವನ್ನು ಕಳೆದರು, 1,51,200 ಉಳಿಯಿತು. ಮೂವತ್ತೊಂದರಿಂದ ಮೂವತ್ತೈದು ವರ್ಷದವರಿಗೆ ಗುಣಕ 16. ಗುಣಿಸಿದರೆ 24,19,200 ರೂಪಾಯಿ. ಅಂತ್ಯಕ್ರಿಯೆ ಮೊದಲಾದ ಸಣ್ಣ ಬಾಬುಗಳೂ ಬಡ್ಡಿಯೂ ಬೇರೆ.

ವಾಹನಕ್ಕೆ ವಿಮೆ ಇತ್ತು. ಹುಡುಗನ ಕೈಯಲ್ಲಿ ಲೈಸೆನ್ಸ್ ಇದ್ದಿದ್ದರೆ ಈ ಮೊತ್ತವನ್ನೆಲ್ಲ ಕಂಪನಿಯೇ ಹೊರುತ್ತಿತ್ತು. ಸಾವಿನ ಪರಿಹಾರಕ್ಕೆ ಮೂರನೆಯ ವ್ಯಕ್ತಿಯ ವಿಮೆಯಲ್ಲಿ ಮೇಲ್ಮಿತಿ ಇರಲಿಲ್ಲ. ಲೈಸೆನ್ಸ್ ಇಲ್ಲದಿದ್ದುದರಿಂದ, ಕಂಪನಿ ಮೊದಲು ಮೃತನ ಕುಟುಂಬಕ್ಕೆ ಹಣ ಕೊಡಬೇಕು, ಆಮೇಲೆ ಅದನ್ನು ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು ಎಂದು ಆಜ್ಞೆಯಾಯಿತು. ಇಂತಹ ಆಜ್ಞೆಗೆ ಆಧಾರವಾಗಿ ಸ್ವರಣ್ ಸಿಂಗ್ ಪ್ರಕರಣವೆಂದು ಹೆಸರಾದ 2004ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಉಂಟು. ಪೆಟ್ಟು ತಿಂದವನು ಕಂಪನಿ ಮತ್ತು ಮಾಲೀಕರ ಜಗಳದಲ್ಲಿ ಬಡವಾಗಬಾರದು. ತಪ್ಪು ಮಾಡಿದ ಮಾಲೀಕನೂ ಪಾರಾಗಬಾರದು. ನ್ಯಾಯದ ದೃಷ್ಟಿಯಿಂದ ಇದು ಸರಿಯಾದದ್ದೇ. ಕೂಲಿಕಾರನ ಹಿರಿಯ ಮಗಳು ಇಂದು ಶಾಲೆ ಬಿಡದೆ ಓದುತ್ತಿರುವುದು ಆ ಹಣದಿಂದಲೇ. ಇತ್ತ ನನ್ನ ವಿದ್ಯಾರ್ಥಿಯ ನಾಲ್ಕು ಎಕರೆಯಲ್ಲಿ ಎರಡು ಎಕರೆ ಮಾರಿಹೋಯಿತು. ಉಳಿದ ಎರಡು ಎಕರೆಯ ಮೇಲೆ ಸಾಲವಿದೆ.

ಮತ್ತೊಮ್ಮೆ ಅವನು ನನ್ನ ಮನೆಗೆ ಬಂದಾಗ ಕೈಯಲ್ಲಿ ಪೇಡೆ ಇರಲಿಲ್ಲ. ಬಹಳ ಹೊತ್ತು ಸುಮ್ಮನೆ ಕುಳಿತು, "ಸರ, ಅವತ್ತು ನೀವು ನನಗ ಒಂದು ಮಾತು ಬೈದಿದ್ದರ ಚಲೋ ಇತ್ತರಿ" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಹೇಳದೆ ಉಳಿದ ಮಾತನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಾನೂನು ಹೇಳುವುದು ಇಷ್ಟು. ಹದಿನೆಂಟು ವರ್ಷ ತುಂಬದವರು ಕಾರನ್ನಾಗಲಿ ಗೇರ್ ಇರುವ ಮೋಟಾರ್ ಸೈಕಲ್ಲನ್ನಾಗಲಿ ಸಾರ್ವಜನಿಕ ಸ್ಥಳದಲ್ಲಿ ನಡೆಸಕೂಡದು. ಹದಿನಾರು ತುಂಬಿದವರಿಗೆ ಐವತ್ತು ಸಿ.ಸಿ. ಮೀರದ ಸಣ್ಣ ವಾಹನಕ್ಕೆ ಮಾತ್ರ ಅವಕಾಶವಿದೆ. ಅದಕ್ಕೂ ತಂದೆತಾಯಿಯರ ಒಪ್ಪಿಗೆ ಬೇಕು, ಲೈಸೆನ್ಸ್ ಬೇಕು. ಬಾಡಿಗೆಯ ಕಾರು, ಲಾರಿ ಮೊದಲಾದ ಸಾರಿಗೆ ವಾಹನಗಳಿಗೆ ಇಪ್ಪತ್ತು ವರ್ಷ ತುಂಬಬೇಕು. ಮೊದಲು ಕಲಿಕೆಯ ಲೈಸೆನ್ಸ್ ಪಡೆಯಬೇಕು. ಅದು ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಕಾರು ಕಲಿಯುವಾಗ ಲೈಸೆನ್ಸ್ ಉಳ್ಳವರು ಪಕ್ಕದಲ್ಲಿರಬೇಕು. ವಾಹನದ ಹಿಂದೆ ಮುಂದೆ ಕೆಂಪು ಬಣ್ಣದ 'ಎಲ್' ಅಕ್ಷರ ಕಾಣಬೇಕು.

2019ರ ಸೆಪ್ಟೆಂಬರ್ 1ರಿಂದ ಈ ವಿಚಾರದಲ್ಲಿ ಕಾನೂನು ಇನ್ನಷ್ಟು ಬಿಗಿಯಾಯಿತು. ವಯಸ್ಸು ತುಂಬದವನು ಹೀಗೆ ವಾಹನ ನಡೆಸಿ ಅಪರಾಧ ಮಾಡಿದರೆ ಪೋಷಕನೂ ವಾಹನದ ಮಾಲೀಕನೂ ತಪ್ಪಿತಸ್ಥರೆಂದೇ ಕಾನೂನು ಭಾವಿಸುತ್ತದೆ. ತನಗೆ ತಿಳಿಯದೆ ನಡೆಯಿತೆಂದೋ, ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದೋ ಅವರೇ ತೋರಿಸಿಕೊಡಬೇಕು. ಇಲ್ಲವಾದರೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಎರಡು ವರ್ಷ ತಡೆಯಲಾರದವನು ಒಂಬತ್ತು ವರ್ಷ ತಡೆಯಬೇಕಾಗುತ್ತದೆ.

ಇನ್ನೆರಡು ತಪ್ಪುಗಳನ್ನು ನಮ್ಮ ಕಡೆ ಆಗಾಗ ಕಾಣುತ್ತೇವೆ. ಹಳೆಯ ಮೋಟಾರ್ ಸೈಕಲ್ಲನ್ನು ಮಾರುವವರು ಹಣ ಎಣಿಸಿಕೊಂಡು ಕೀಲಿ ಕೊಟ್ಟರೆ ವ್ಯವಹಾರ ಮುಗಿಯಿತೆಂದು ತಿಳಿಯುತ್ತಾರೆ. ನೋಂದಣಿ ಪುಸ್ತಕದಲ್ಲಿ ಹೆಸರು ಬದಲಾಗದೆ ಇರುವವರೆಗೆ ಕಾನೂನಿನ ಕಣ್ಣಿಗೆ ಮಾರಿದವನೇ ಮಾಲೀಕ; ಆ ವಾಹನದಿಂದ ಆಗುವ ಅಪಘಾತಕ್ಕೆ ಅವನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟಪಡಿಸಿದೆ. ಮತ್ತೊಂದು, ಬಿಳಿಯ ಫಲಕದ ಖಾಸಗಿ ಕಾರಿನಲ್ಲಿ ಬಾಡಿಗೆಗೆ ಜನರನ್ನು ಮಂತ್ರಾಲಯಕ್ಕೋ ಮತ್ತೆಲ್ಲಿಗೋ ಕರೆದೊಯ್ಯುವುದು. ಖಾಸಗಿ ಬಳಕೆಗೆಂದು ಮಾಡಿಸಿದ ವಿಮೆ ಬಾಡಿಗೆಯ ಓಟಕ್ಕೆ ಒದಗುವುದಿಲ್ಲ. ಸಾಲದ ಕಂತನ್ನು ತೀರಿಸಲು ಹೊರಟ ತರುಣನಿಗೆ ಇದರಿಂದ ಹೊಸ ಸಾಲವೇ ಬಂದೊದಗಬಹುದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಇನ್ನು ಕೆಲವೇ ವರ್ಷಗಳಲ್ಲಿ ವಾಹನದ ಒಡೆಯರಾಗುವಿರಿ. ಹಾಗಾಗಬೇಕೆಂದೇ ನನ್ನ ಹಾರೈಕೆ. ಆದರೆ ಕೊಳ್ಳುವ ಮೊದಲು ಒಂದು ಹಾಳೆಯ ಮೇಲೆ ತೆರಿಗೆ, ಬಡ್ಡಿ, ಇಂಧನ, ಸವಕಳಿ, ವಿಮೆ ಎಂಬ ಐದು ಸಾಲುಗಳನ್ನು ಬರೆದು ಕೂಡಿಸಿರಿ. ವಿಮೆಯ ಚೀಟಿಯ ಕೊನೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ನಿಮ್ಮ ತಂದೆಯೋ ಅಣ್ಣನೋ ಪ್ರೀತಿಯಿಂದ ಕೀಲಿಯನ್ನು ಕೈಗೆ ಕೊಟ್ಟರೆ, "ಲೈಸೆನ್ಸ್ ಬಂದ ಮೇಲೆ" ಎಂದು ಹಿಂದಿರುಗಿಸಿರಿ. ಹಿರಿಯರಾದ ನಾವು ಹೇಳಲು ಹಿಂಜರಿದ ಮಾತನ್ನು ಕಿರಿಯರಾದ ನೀವು ಹೇಳಿದರೆ ಅದರಲ್ಲಿ ಅವಿನಯವೇನೂ ಇಲ್ಲ.

ಆ ಹುಡುಗ ಈಗ ರಾಯಚೂರಿನಲ್ಲಿ ಓದುತ್ತಿದ್ದಾನೆ. ದಿನವೂ ಬೆಳಿಗ್ಗೆ ತನ್ನ ಊರಿನ ಬಸ್ ನಿಲ್ದಾಣದಲ್ಲಿ ನಿಂತಿರುತ್ತಾನೆ. ಮೋಟಾರ್ ಸೈಕಲ್ ಮೇಲೆ ಹೋಗುವ ಚಿಕ್ಕ ಹುಡುಗರನ್ನು ಕಂಡರೆ ಕೈ ಅಡ್ಡ ಹಿಡಿದು ನಿಲ್ಲಿಸಿ, "ಲೈಸೆನ್ಸ್ ಐತೇನಪ್ಪ?" ಎಂದು ಕೇಳುತ್ತಾನಂತೆ. ಕೆಲವರು ನಕ್ಕು ಮುಂದೆ ಹೋಗುತ್ತಾರೆ. ಒಬ್ಬಿಬ್ಬರು ಇಳಿದು, ವಾಹನವನ್ನು ತಳ್ಳಿಕೊಂಡು ಮನೆಗೆ ಮರಳಿದ್ದೂ ಉಂಟು.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸವಕಳಿ ಎಂದರೇನು?
2. ವಾಹನ ವಿಮೆಯಲ್ಲಿ 'ಮೂರನೆಯ ವ್ಯಕ್ತಿ' ಯಾರು?
3. ಹೊಸ ದ್ವಿಚಕ್ರ ವಾಹನಕ್ಕೆ ಎಷ್ಟು ವರ್ಷಗಳ ಕಂತನ್ನು ಒಟ್ಟಿಗೆ ಕಟ್ಟಬೇಕು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮುಯ್ಯಾಳಿನ ಪದ್ಧತಿಗೂ ವಿಮೆಗೂ ಇರುವ ಹೋಲಿಕೆಯನ್ನು ವಿವರಿಸಿರಿ.
2. ವಿಮೆ ಇದ್ದರೂ ಲೇಖಕರ ವಿದ್ಯಾರ್ಥಿ ಹೊಲವನ್ನು ಮಾರಬೇಕಾಗಿ ಬಂದುದೇಕೆ?

ಇ. ಸಂದರ್ಭ ಸೂಚಿಸಿ ವಿವರಿಸಿರಿ.
"ಅವತ್ತು ನೀವು ನನಗ ಒಂದು ಮಾತು ಬೈದಿದ್ದರ ಚಲೋ ಇತ್ತರಿ."

ಈ. ಮಾಡಿ ನೋಡಿರಿ.
ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಇರುವ ವಾಹನವೊಂದರ ಒಂದು ವರ್ಷದ ವೆಚ್ಚವನ್ನು ಹಿರಿಯರಿಂದ ಕೇಳಿ ತಿಳಿದು, ಪಾಠದಲ್ಲಿ ತೋರಿಸಿದಂತೆ ಲೆಕ್ಕ ಬರೆಯಿರಿ.